ಸಾಗವಾನಿ ಎಲೆಯ ಮೇಲಿನ ಬಂಗಡೆ

ನಮ್ಮ ಮೀನು ಮಾರ್ಕೆಟ್ಟಿಗೆ ಕೆಂಪು ಪ್ಲಾಸ್ಟಿಕ್ ಟ್ರೇ ಬಂದದ್ದು ಹೋದ ವರ್ಷ, ದೀಪಾವಳಿ ಕಳೆದ ಮೇಲೆ. ಮಾರ್ಕೆಟ್ ನೋಡಿಕೊಳ್ಳುವ ಸುಜಯ ಒಬ್ಬೊಬ್ಬರಿಗೂ ಎರಡೆರಡು ಹಂಚಿದ.

"ಗಟ್ಟಿ ಮಾಲು. ಇನ್ನು ಎಲೆ-ಗಿಲೆ ಬಂದ್, ಕಸ ಆಗ್ತದೆ. ಎಲೆ ಹಾಸಿದವ್ರಿಗೆ ಇಲ್ಲಿ ಜಾಗ ಇಲ್ಲ."

ನಲವತ್ತೆರಡು ವರ್ಷ ಬಾಗಿಲ ಪಕ್ಕದ ಅದೇ ಜಾಗದಲ್ಲಿ ಸಾಗವಾನಿ ಎಲೆ ಹಾಸಿ ಕೂತವಳು ನಾನು. ಆದರೂ ಎಲೆ ಬಿಟ್ಟು ಟ್ರೇ ತೆಗೆದುಕೊಂಡೆ.

ಅಂದಿನಿಂದ ಗಿರಾಕಿಗಳು ಬಂಗಡೆಯ ಕಿವಿರು ಎತ್ತಿ ತಾಜಾ ಕೆಂಪಿದೆಯೇ ಎಂದು ನೋಡುವುದು, ಮೂಗು ಮುರಿದು ಮುಂದೆ ಹೋಗುವುದು. "ಇದು ನಿನ್ನೆದಾ ಅಕ್ಕಾ?" ಬೆಳಿಗ್ಗೆ ಬೇಲೇಕೇರಿಯಲ್ಲಿ ಬಲೆಯಿಂದ ಬಿಡಿಸಿದ ಮೀನು! ಪಕ್ಕದ ಮಂಗಲಾ ಐಸಿನವನನ್ನು ಬೈದಳು. ಎಲ್ಲರೂ ಸೇರಿ ಐಸಿನವನನ್ನೇ ಬದಲಿಸಿದೆವು. ಮೀನು ಮಾತ್ರ ಮಾರಾಟವಾಗದೆ ಹಾಗೆಯೇ ಉಳಿಯಿತು.

ಒಂದು ಸಂಜೆ ಮೊಮ್ಮಗಳು ವಿನುತಾ ಜಗಲಿಯಲ್ಲಿ ಬಣ್ಣದ ಚಕ್ರ ಬರೆಯುತ್ತಿದ್ದಳು. ಕಾರವಾರದಲ್ಲಿ ಚಿತ್ರಕಲೆ ಕಲಿಯುತ್ತಾಳೆ.

"ನೋಡಜ್ಜಿ, ಚಕ್ರದಲ್ಲಿ ಎದುರು-ಬದರು ಇದ್ದ ಬಣ್ಣ ಹತ್ರ ಇಟ್ರೆ ಒಂದನ್ನೊಂದು ಎತ್ತಿ ತೋರಿಸ್ತಾವೆ. ಕೆಂಪಿನ ಎದುರು ಹಸಿರು."

ಕೆಂಪು ಕಾಗದದ ಚೂರೊಂದನ್ನು ಹಸಿರಿನ ಮೇಲಿಟ್ಟಳು. ಕೆಂಡದ ಹಾಗೆ ಉರಿಯಿತು. ಅದೇ ಚೂರು ಇನ್ನೂ ಢಾಳಾದ ಕೆಂಪಿನ ಮೇಲೆ ಕಂದಿಹೋಯಿತು.

"ಇದು ನನ್ನ ಅತ್ತೆಗೂ ಗೊತ್ತಿತ್ತಲ್ಲೇ!"

"ಅವ್ರು ಯಾವ ಕಾಲೇಜಿಗೆ ಹೋಗಿದ್ರು?" ಎಂದು ನಕ್ಕಳು.

ಮಾರ್ಕೆಟ್ಟಿನಲ್ಲಿ ನನ್ನ ಮೊದಲ ದಿನ ಒಣಗಿದ ಎಲೆ ಹಾಸಿದ್ದಕ್ಕೆ ಅತ್ತೆ ಕೈಗೆ ಹೊಡೆದಿದ್ದಳು. "ಹಸಿರೇ ಬೇಕು. ಕಿವಿರು ಮಾತಾಡ್ಬೇಕು," ಎಂದಿದ್ದಳು.

ವಿನುತಾ ಚಕ್ರ ತೋರಿಸಿದ ಮರುದಿನ ಒಂದೇ ಬುಟ್ಟಿಯ ಬಂಗಡೆಯನ್ನು ಅರ್ಧ ಟ್ರೇಯಲ್ಲಿ, ಅರ್ಧ ಹಸಿ ಎಲೆಯ ಮೇಲೆ ಹರಡಿ ಕೂತೆ. ಸುಜಯ ದಾಪುಗಾಲಲ್ಲಿ ಬಂದ.

"ಕಾಮಕ್ಕ, ಎಲೆ ತೆಗೀರಿ. ಇಲ್ದಿದ್ರೆ ಏಳ್ರಿ."

"ಏಳೂದು ಆಮೇಲೆ ತಮಾ. ಮೊದ್ಲು ನಿನ್ನ ಮನಿಗೆ ನಾಕು ಬಂಗಡೆ ಆರ್ಸ್ಕೊ."

ಅವನು ಎರಡೂ ಕಡೆಯ ಕಿವಿರು ನೋಡಿ ಎಲೆಯ ಮೇಲಿನ ನಾಲ್ಕು ಎತ್ತಿಕೊಂಡ.

"ಟ್ರೇದು ಯಾಕೆ ಬೇಡ?"

"ಅದು ಹಳೇದು ಕಾಣ್ತದೆ."

ಮಂಗಲಾ ಗೊಳ್ಳೆಂದು ನಕ್ಕಳು. "ಒಂದೇ ಬುಟ್ಟಿದು ಮಾರಾಯಾ! ನಿನ್ನ ಟ್ರೇನೇ ಹಳೇದು ಮಾಡ್ತು!"

ಸುಜಯನ ಮುಖ ಟ್ರೇಯ ಬಣ್ಣಕ್ಕೆ ತಿರುಗಿತು. "ಅಂದ್ರೂ ಆರ್ಡರ್ ಆರ್ಡರೇ."

"ಕಸ ಅಲ್ದಾ ನಿನ್ನ ಚಿಂತೆ?" ಎಂದೆ. "ಸಂಜೆ ಎಲೆ ಬುಟ್ಟಿಗೆ ತುಂಬ್ಕೊಂಡು ಹೋಗಿ ತೆಂಗಿನ ಬುಡಕ್ಕೆ ಹಾಕ್ತೆ. ಜಾಗ ಬಿಡೂದಿಲ್ಲ. ಎಬ್ಬಿಸೂದಾದ್ರೆ ಎತ್ಕೊಂಡೇ ಹೋಗು."

ಅಷ್ಟರಲ್ಲಿ ಮಂಗಲಾ ನನ್ನ ಎಲೆಯ ಕಟ್ಟಿಗೆ ಕೈಹಾಕಿ ನಾಲ್ಕು ಎಳೆದುಕೊಂಡಳು. ಆಚೆಯವಳೂ ಕೈಚಾಚಿದಳು. ಸಾಲು ಹಸಿರಾಗುತ್ತ ಹೋಯಿತು. ಅಷ್ಟೂ ಜನರನ್ನು ಎಬ್ಬಿಸಲಾರದೆ ಸುಜಯ ಬಂಗಡೆ ಹಿಡಿದು ಹೊರಟ.

ನಾನು ಟ್ರೇಯನ್ನು ತೊಳೆದು, ಕವುಚಿ ಹಾಕಿ, ಅದರ ಮೇಲೆ ಕೂತೆ. ಇವತ್ತಿಗೂ ಅದೇ ನನ್ನ ಮಣೆ. ಗಟ್ಟಿ ಮಾಲು ಎಂದಿದ್ದನಲ್ಲ, ಅದೇನೂ ಸುಳ್ಳಲ್ಲ.