ಐದು ಮುಖಗಳ ಕಾರ್ಡು

ಅಜ್ಜಿಯ ನಾಲಿಗೆಗೆ ಮನೆಮಂದಿಯೆಲ್ಲ ಹೆದರುತ್ತಿದ್ದರು. ಯಾರು ಏನೇ ಬಡಿಸಲಿ, ಒಂದೋ ಉಪ್ಪು ಹೆಚ್ಚು, ಇಲ್ಲವೇ ಖಾರ ಸಾಲದು. ಅಂಥ ಅಜ್ಜಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಮಾತ್ರ ಬೆಣ್ಣೆಯಂತೆ ಕರಗಿಬಿಡುತ್ತಿದ್ದಳು. ಕರಗದೆ ಏನು ಮಾಡಿಯಾಳು? ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಕ್ಷಯ ಹತ್ತಿ ಮೂಳೆಚಕ್ಕಳವಾಗಿದ್ದ ಆರು ವರ್ಷದ ಮೊಮ್ಮಗಳು, ಇಲ್ಲಿ ಹೊಸ ಔಷಧದ ಪರೀಕ್ಷೆಗೆ ಸೇರಿದ ನಾಲ್ಕೇ ತಿಂಗಳಲ್ಲಿ ಮೈಕೈ ತುಂಬಿಕೊಂಡು, ಕೂತಲ್ಲಿ ಕೂರದ ತುಂಟಿಯಾಗಿದ್ದಳು.

ಆ ಔಷಧ ವಿಪರೀತ ಕಹಿ. ಅದಕ್ಕೇ ಡಾಕ್ಟರಮ್ಮ ಅದನ್ನು ಮೂರು ರುಚಿಗಳಲ್ಲಿ ಕಲಸಿ, ಒಂದೊಂದು ಭೇಟಿಗೆ ಒಂದೊಂದರಂತೆ ಮಕ್ಕಳಿಗೆ ಕುಡಿಸಿ ನೋಡುತ್ತಿದ್ದರು. ಕುಡಿದ ಮೇಲೆ ನರ್ಸು ಐದು ಮುಖಗಳ ಕಾರ್ಡು ಹಿಡಿಯುತ್ತಾಳೆ. ನಗುವ ಮುಖದಿಂದ ಅಳುವ ಮುಖದವರೆಗೆ ಮಗು ಒಂದನ್ನು ಮುಟ್ಟಬೇಕು. ಮಕ್ಕಳು ಒಪ್ಪಿದ ರುಚಿಯಲ್ಲೇ ಮುಂದೆ ಎಲ್ಲ ಮಕ್ಕಳಿಗೂ ಔಷಧ.

ಇವತ್ತು ಮೂರನೆಯ ರುಚಿ. ಮೊಮ್ಮಗಳು ಕಣ್ಣು ಮುಚ್ಚಿ ನುಂಗಿದಳು. ಮುಖ ಕಿವುಚಿಕೊಂಡಿತು, ಭುಜ ನಡುಗಿತು, ಕಣ್ಣಲ್ಲಿ ನೀರು ಬಂತು. ಆದರೂ ಬೆರಳು ಸೀದಾ ಹೋಗಿ ನಗುವ ಮುಖದ ಮೇಲೆ ಕೂತಿತು.

ನರ್ಸು ಪೆನ್ನು ಕೆಳಗಿಟ್ಟಳು. "ಮೂರಕ್ಕೂ ಇದೇ ಮುಖಾನಾ? ನಿಜ ಹೇಳು ಪುಟ್ಟಿ."

"ಜೀವ ಉಳಿಸಿದವರ ಮುಂದೆ ಚೆನ್ನಾಗಿಲ್ಲ ಅನ್ನಬಾರ್ದು ಅಂತ ಅಜ್ಜಿ ಹೇಳಿದಾಳೆ."

ಅಜ್ಜಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಕೊಂಕು ತೆಗೆದ್ರೆ ಔಷಧ ನಿಲ್ಲಿಸಿಬಿಡ್ತೀರೇನೋ ಅಂತ ಭಯ ಕಣಮ್ಮಾ..."

"ಯಾರೂ ನಿಲ್ಲಿಸಲ್ಲ ಅಜ್ಜಿ," ಎಂದರು ಡಾಕ್ಟರಮ್ಮ. "ಆದ್ರೆ ಕಹಿ ತಡೀಲಾರದೆ ಎಷ್ಟೋ ಮಕ್ಕಳು ಅರ್ಧಕ್ಕೇ ಬಿಟ್ಟುಬಿಡ್ತಾರೆ. ನಿಜ ಹೇಳಿದ್ರೆ ತಾನೇ ಸರಿಮಾಡೋಕಾಗೋದು?"

ಅರ್ಧಕ್ಕೇ ಎಂಬ ಮಾತು ಅಜ್ಜಿಯನ್ನು ಹಿಡಿದು ನಿಲ್ಲಿಸಿತು. ಈ ಮಗುವಿನ ಅಪ್ಪ, ತಾನು ಹೆತ್ತ ಮಗ, ಇದೇ ಕಾಯಿಲೆಯ ಮಾತ್ರೆಗಳನ್ನು ಅರ್ಧಕ್ಕೇ ಬಿಟ್ಟವನು. ಅವನು ವಾಕರಿಸಿದಾಗಲೆಲ್ಲ "ಸುಮ್ನೆ ನುಂಗೋ" ಎಂದು ಗದರಿದವಳು ತಾನೇ. ಅವನು ತುಟಿಪಿಟಕ್ಕೆನ್ನದೆ ಮಾತ್ರೆಗಳನ್ನು ದಿಂಬಿನ ಕವರಿನೊಳಗೆ ತುಂಬುತ್ತಿದ್ದ. ಅವನು ತೀರಿಹೋದ ಮೇಲೆ ಅವು ಅವಳ ಕೈಗೆ ಸಿಕ್ಕಿದ್ದವು.

ಅಜ್ಜಿ ಮೊಮ್ಮಗಳನ್ನು ತೊಡೆಗೆಳೆದುಕೊಂಡಳು. "ಪುಟ್ಟೀ, ನಾನು ಊಟಕ್ಕೆ ಕೂತಾಗ ಹೇಗೆ ಮಾತಾಡ್ತೀನೋ ಹಾಗೇ ಹೇಳು."

ಮಗುವಿಗೆ ಅಷ್ಟೇ ಸಾಕಾಗಿತ್ತು. "ಥೂ! ಇದನ್ನ ಯಾರು ಮಾಡಿದ್ದು? ಬಾಯಿಗಿಡೋ ಹಾಗಿದ್ಯಾ?" ಎನ್ನುತ್ತ ಅಳುವ ಮುಖವನ್ನು ಬೆರಳಿನಿಂದ ಕುಟ್ಟಿದಳು. "ಮೊದಲ್ನೇದೂ ಥೂ. ಎರಡನೇದು ಮಾತ್ರ ಪರವಾಗಿಲ್ಲ."

ನರ್ಸಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರಮ್ಮ ಹಳೆಯ ಉತ್ತರಗಳನ್ನು ಹೊಡೆದುಹಾಕಿ, ಮೊದಲ ಎರಡು ರುಚಿಗಳನ್ನೂ ಇನ್ನೊಮ್ಮೆ ಕುಡಿಸಿ ಕೇಳಬೇಕೆಂದು ಬರೆದರು. ಆಮೇಲೆ ಅಜ್ಜಿಯ ಕೈ ಹಿಡಿದು, "ದೊಡ್ಡ ಉಪಕಾರ ಆಯ್ತಜ್ಜಿ," ಎಂದರು.

ನಾಲ್ಕು ತಿಂಗಳಿಂದ ಆ ಮಾತನ್ನು ತಾನೇ ಆಡುತ್ತ ಬಂದಿದ್ದವಳು ಡಾಕ್ಟರಮ್ಮನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಮುಚ್ಚಿಕೊಂಡಳು.

"ನನ್ನ ಮಗನ್ನ ನುಂಗೋಕಾಗುತ್ತಾ ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ," ಎಂದಳು. "ಇವಳನ್ನ ಕೇಳಿದ್ರಲ್ಲ ತಾಯಿ, ನಿಮ್ಮ ಹೊಟ್ಟೆ ತಣ್ಣಗಿರಲಿ."