ಕುದುರೆಯ ಮುಂಗಾಲು

ಕಾರ್ನಿವಲ್ ಮೆರವಣಿಗೆಯ ಫೋಟೋ ತೆಗೆಯುವವರು ಹಿಂದುಹಿಂದಕ್ಕೆ ನಡೆಯಬೇಕು. ಮುಖ ವೇಷದವರ ಕಡೆ, ಬೆನ್ನು ದಾರಿಯ ಕಡೆ. ಎಡವಿ ಬಿದ್ದರೆ ಅದೂ ಆಟವೆಂದು ಜನ ಚಪ್ಪಾಳೆ ತಟ್ಟುತ್ತಾರೆ, ಪುಣ್ಯಾತ್ಮರು! ಈ ಸಲ ಸಮಿತಿಯವರು ಆ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು. ಗರಿಗಳ ಕಿರೀಟದ ಕುಣಿತದವರು, ಮರಗಾಲಿನ ಮೇಲೆ ತೂಗಾಡುವ ರಾಣಿ, ಬಕೆಟ್ಟನ್ನೇ ಟೊಪ್ಪಿಗೆ ಮಾಡಿಕೊಂಡ ಸೈನಿಕರು, ಎಲ್ಲರನ್ನೂ ಹಿಡಿಯಬೇಕಿತ್ತು. ಆದರೆ ಅವಳ ಕ್ಯಾಮೆರಾ ಬಿಳಿ ಬಟ್ಟೆಯ ದೊಡ್ಡ ಕುದುರೆಯನ್ನು ಬಿಟ್ಟು ಅತ್ತಿತ್ತ ಕದಲುತ್ತಿರಲಿಲ್ಲ.

ಆ ಕುದುರೆಯೊಳಗೆ ಇಬ್ಬರು. ಮುಂಗಾಲು ಅವಳ ಅಪ್ಪ, ಹಿಂಗಾಲು ಚಿಕ್ಕಪ್ಪ. ಅಪ್ಪ ದರ್ಜಿ, ಒಣಕಲು ಆಸಾಮಿ. ಕುದುರೆಯನ್ನು ಹೊಲಿದವನೂ ಅವನೇ. ಚಿಕ್ಕಪ್ಪ ಗೋದಾಮಿನಲ್ಲಿ ಮೂಟೆ ಹೊರುವವನು, ಬಾಯಿ ಬಿಟ್ಟರೆ ಬೈಗುಳ. ಮುಂದಿನವನು ಕುದುರೆಯ ಕತ್ತಿನ ತೂತಿನಿಂದ ಹೊರಗೆ ನೋಡುತ್ತ, ಅದರ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕುಣಿಯಬೇಕು, ಹಿಂದಿನವನು ಬಗ್ಗಿ ಅವನ ಸೊಂಟದ ಬೆಲ್ಟು ಹಿಡಿದು ಹೆಜ್ಜೆ ಹಾಕಬೇಕು.

ಹಿಂದಿನ ವಾರವಷ್ಟೇ ಅಪ್ಪ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಮೇಲೆಯೇ ಎಚ್ಚರ ತಪ್ಪಿದ್ದ. ಡಾಕ್ಟರು ಎದೆ ಪರೀಕ್ಷೆ ಮಾಡಿ, ಕುಣಿತ ಗಿಣಿತ ಎಲ್ಲ ಬಂದ್ ಎಂದಿದ್ದರು. ಅಪ್ಪ ಹೂಂಗುಟ್ಟಿ, ಮನೆಗೆ ಬಂದವನೇ ಕುದುರೆಯ ಬಾಲ ಬಾಚಲು ಕೂತ. ಅಮ್ಮ ಅತ್ತಳು, ಕೂಗಾಡಿದಳು, ಕೊನೆಗೆ ಸುಸ್ತಾಗಿ ಮಗಳ ಕೈ ಹಿಡಿದುಕೊಂಡಳು.

"ಅವರು ನನ್ ಮಾತು ಯಾವತ್ತು ಕೇಳಿದ್ರು ಹೇಳು. ನೀನು ಅವರ ಮೇಲಿಂದ ಕಣ್ಣು ತೆಗೀಬೇಡ. ಏನಾದ್ರೂ ಆದ್ರೆ..."

ಹಾಗಾಗಿ ಮಗಳು ಕಣ್ಣು ತೆಗೆಯಲಿಲ್ಲ. ವೇಷದೊಳಗಿನ ಮುಖ ಬಿಳುಚಿದೆಯೋ ಬೆವರಿದೆಯೋ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಕಾಣುವುದು ಕಾಲು ಮಾತ್ರ. ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಆ ಕಾಲುಗಳನ್ನೇ ನೋಡುತ್ತಿದ್ದಳು. ಮೊದಲ ತಿರುವಿನಲ್ಲಿ ಮುಂಗಾಲು ತಡವರಿಸಿತು.

"ಅಪ್ಪಾ, ಸಾಕು ಬಿಡು!" ಎಂದು ಕೂಗಿದಳು. ಆ ಡೋಲು, ಆ ತುತ್ತೂರಿಗಳ ನಡುವೆ ಯಾರಿಗೆ ಕೇಳಬೇಕು! ಕುದುರೆ ನೇರ ಕ್ಯಾಮೆರಾದತ್ತ ತಿರುಗಿ ಠೀವಿಯಿಂದ ಕತ್ತು ಕೊಂಕಿಸಿತು. ಜನ ಹೋ ಎಂದರು.

ಅಲ್ಲಿಂದ ಕುದುರೆಗೆ ಅದೇನು ಹುರುಪು ಬಂತೋ, ಮುಂಗಾಲು ಗಾಳಿಯಲ್ಲಿ ಜಿಗಿಯತೊಡಗಿತು. ಬೇಕರಿಯ ಮೆಟ್ಟಿಲ ಮೇಲಿದ್ದವನೊಬ್ಬ ಸಿಳ್ಳೆ ಹೊಡೆದ. ಅವಳಿಗೂ ಹೋದ ಜೀವ ಬಂದಂತಾಯಿತು. ಈ ಮುದುಕ ನಮ್ಮನ್ನೆಲ್ಲ ಸುಮ್ಮನೆ ಹೆದರಿಸಿಬಿಟ್ಟ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ, ಹಿಂದುಹಿಂದಕ್ಕೆ ನಡೆಯುತ್ತ, ಒಂದರ ಮೇಲೊಂದು ಫೋಟೋ ತೆಗೆದಳು.

ಮರಗಾಲಿನ ರಾಣಿ ಅಡ್ಡ ಬಂದು ಕುದುರೆ ಮರೆಯಾದಾಗ ಅವಳು ಕ್ಯಾಮೆರಾದ ಪರದೆ ನೋಡಿದಳು. ಮುಂಗಾಲೆರಡೂ ನೆಲದಿಂದ ಮೇಲಿದ್ದವು, ಒಳ್ಳೇ ಜಿಗಿತ. ಅದರ ಹಿಂದಿನ ಫೋಟೋದಲ್ಲೂ ಮೇಲೆ. ಅದರ ಹಿಂದಿನದರಲ್ಲೂ. ಜಿಗಿದ ಮನುಷ್ಯ ಒಮ್ಮೆಯಾದರೂ ನೆಲಕ್ಕೆ ಬರಬೇಡವೇ? ದೊಡ್ಡದು ಮಾಡಿ ನೋಡಿದಳು. ಅಪ್ಪನ ಶೂಗಳ ತುದಿ ಕೆಳಗೆ ಜೋತುಬಿದ್ದಿತ್ತು. ಚಿಕ್ಕಪ್ಪನ ಕಾಲುಗಳು ಮಾತ್ರ ಮೂಟೆ ಹೊತ್ತಾಗಿನಂತೆ ಅಗಲವಾಗಿ ಊರಿಕೊಂಡಿದ್ದವು.

"ನಿಲ್ಸಿ! ಅಯ್ಯೋ, ನಿಲ್ಸ್ರಪ್ಪಾ!" ಎಂದು ಕಿರುಚುತ್ತ ಓಡಿದಳು. ಅದೂ ಆಟವೆಂದುಕೊಂಡು ಜನ ನಕ್ಕರು. ಅವಳು ಕುದುರೆಯ ಹೊಟ್ಟೆಯ ಲಾಡಿಗಳನ್ನು ಕಿತ್ತೆಳೆದಳು.

ಒಳಗೆ ಅಪ್ಪನ ಬೆನ್ನು ಚಿಕ್ಕಪ್ಪನ ಎದೆಗೆ ಆತುಕೊಂಡಿತ್ತು. ಮುಖ ಬೂದಿ. ಎಚ್ಚರವಿತ್ತು. ಚಿಕ್ಕಪ್ಪ ಅವನನ್ನು ಮೆಲ್ಲಗೆ ರಸ್ತೆಯಂಚಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಏದುಸಿರು ಬಿಡುತ್ತ ಅವಳ ಮೇಲೆ ಹರಿಹಾಯ್ದ.

"ಕಾಲಲ್ಲಿ ಶಕ್ತಿ ಇಲ್ಲ, ಎತ್ಕೊ ಅಂದ ನಿಮ್ಮಪ್ಪ. ಕೂತ್ಕೊಳ್ಳೋಣ ಕಣೋ ಅಂತ ಬಡ್ಕೊಂಡೆ. ಇವಳಿನ್ನೂ ನನ್ ಫೋಟೋನೇ ತೆಗೀತಿದ್ದಾಳೆ, ತಡಿ ಅಂತಾನೆ! ನೀನು ಆ ಡಬ್ಬ ಕೆಳಗಿಳಿಸ್ಲಿಲ್ಲ, ಇವನು ಇಳೀಲಿಲ್ಲ."

ಅವಳು ಅಪ್ಪನ ಮುಂದೆ ಕುಕ್ಕರಿಸಿದಳು. "ಅಪ್ಪಾ, ನಾನು ನೋಡ್ತಿದ್ದದ್ದು ನೀನು ಹುಷಾರಾಗಿದ್ದೀಯಾ ಅಂತ ಕಣಪ್ಪಾ."

"ಹೌದಾ? ಚೆನ್ನಾಗಿ ಕುಣೀತಿದ್ದೀನಿ ಅಂದ್ಕೊಂಡೆ," ಎಂದ ಅಪ್ಪ.

ಯಾರೋ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು. ಅಪ್ಪನಿಗೆ ಉಸಿರು ಹಿಡಿಯುತ್ತಿತ್ತು, ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಕುದುರೆಯ ತಲೆಯನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, ಅವಳ ಎದೆಯ ಮೇಲಿನ ಕ್ಯಾಮೆರಾವನ್ನೇ ನೋಡುತ್ತ ನಗಲು ಒದ್ದಾಡುತ್ತಿದ್ದ.

ಅವಳು ಕ್ಯಾಮೆರಾ ಆಫ್ ಮಾಡಿ, ಪಟ್ಟಿ ಎಳೆದು ಬೆನ್ನ ಹಿಂದಕ್ಕೆ ಸರಿಸಿದಳು. ಆಗ ಅಪ್ಪ ಕುದುರೆಯ ತಲೆಯನ್ನು ಬಿಟ್ಟು, ತಮ್ಮನ ತೊಡೆಯ ಮೇಲೆ ಮಲಗಿದ.