ಹಿಂದಿನ ಸೀಟು

ಅಮ್ಮ ಬರುವುದಿಲ್ಲ ಎಂದರೆ ಬರುವುದಿಲ್ಲ. ಬೆಳಗ್ಗೆಯಿಂದ ಅದೊಂದೇ ಮಾತು. ಗೋಡೆಗೆ ಎರಡು ದಿಂಬು ಕೊಟ್ಟು ಒರಗಿಕೊಂಡು, ಮಂಚದಿಂದ ಕಾಲು ಇಳಿಬಿಟ್ಟು ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಾದ ಎಷ್ಟು ಊದಿತ್ತೆಂದರೆ ಬೆರಳಿಟ್ಟು ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಯ ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಂಡರಷ್ಟೇ ಬದುಕು. ಮೊನ್ನೆಯ ಸರದಿಯನ್ನು ತಪ್ಪಿಸಿದ್ದಳು, ಇವತ್ತಿನದನ್ನೂ ತಪ್ಪಿಸುವ ಹಟದಲ್ಲಿದ್ದಳು. ನರ್ಸ್ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ಮಧ್ಯಾಹ್ನದ ಒಳಗೆ ಕರ್ಕೊಂಡ್ಬನ್ನಿ. ಎದೆಯೊಳಗೆ ನೀರು ತುಂಬಿಕೊಂಡ್ರೆ ಆಮೇಲೆ ನಮ್ಮ ಕೈಲೂ ಏನೂ ಆಗಲ್ಲ."

ಮಗನಿಗೆ ದಿಕ್ಕೇ ತೋಚಲಿಲ್ಲ. ಮನೆ ಮುಂದಿನ ಶೆಡ್ಡಿನಲ್ಲೇ ಗ್ಯಾರೇಜು ಇಟ್ಟಿದ್ದ ಈ ಮೆಕ್ಯಾನಿಕ್‌ನನ್ನು ಬೀದಿಯವರು ಗ್ರೀಸಪ್ಪ ಎನ್ನುತ್ತಿದ್ದರು. ಗಾಡಿ ತಿರುವಿನಲ್ಲಿ ಬರುವಾಗಲೇ ಸದ್ದು ಕೇಳಿ ರೋಗ ಹೇಳುವ ಆಸಾಮಿ. ಮಂಚದ ಮೇಲೆ ಕೂತವಳ ಸದ್ದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ.

"ಯಾಕೆ ಬರಲ್ಲ ಅಂತಾದ್ರೂ ಹೇಳಮ್ಮ."

"ನಿನ್ನ ಬೈಕು ಎತ್ತೆತ್ತಿ ಹಾಕುತ್ತೆ ಕಣೋ. ಬೆನ್ನು ಮುರಿದುಹೋಗುತ್ತೆ. ನನ್ನ ಕೈಲಾಗಲ್ಲ."

"ಆಟೋ ತರ್ತೀನಿ."

"ಅದು ಇನ್ನೂ ಕುಲುಕುತ್ತೆ."

"ಕಾರು?"

"ವಾಂತಿ ಬರುತ್ತೆ."

"ಹಾಗಾದ್ರೆ ಆಂಬುಲೆನ್ಸ್ ಕರೀತೀನಿ!"

"ಕರಿ. ಅದರಲ್ಲಿ ನೀನೇ ಮಲಕ್ಕೊಂಡು ಹೋಗು."

ಉಸಿರಾಡಲು ಒದ್ದಾಡುತ್ತಿದ್ದರೂ ಅವಳ ನಾಲಿಗೆಗೆ ಏನೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ತಮ್ಮನ ತೋಳು ಹಿಡಿದು ಶೆಡ್ಡಿಗೆ ಎಳೆದುಕೊಂಡು ಬಂದಳು.

"ಅವಳು ಹೇಳಿದ್ದು ಸುಳ್ಳಲ್ಲ ಕಣೋ. ಹಿಂದೆ ಕೂತವರ ಪಾಡು ಕೂತವರಿಗೇ ಗೊತ್ತು."

"ನಾನು ದಿನಾ ಓಡಿಸ್ತೀನಿ, ನಂಗೇನೂ ಅನ್ನಿಸಿಲ್ಲ."

"ನೀನು ಮುಂದೆ ಕೂರ್ತೀಯ. ನಿನ್ನ ಗಾಡಿ ಹಿಂದೆ ಯಾವತ್ತಾದ್ರೂ ಕೂತಿದ್ದೀಯಾ?"

ಕೂತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಗಾಡಿಯ ಹಿಂಭಾಗ ಕುಸಿಯುತ್ತಿದೆ ಎಂದು ಕೆಲವು ತಿಂಗಳ ಹಿಂದೆ ಅವನಿಗೇ ಕಂಡಿತ್ತು. ಬೇರೆಯವರ ಗಾಡಿಯಾಗಿದ್ದರೆ ಬಿಚ್ಚಿ ನೋಡುತ್ತಿದ್ದ. ತನ್ನದಲ್ಲವೇ, ಸ್ಪ್ರಿಂಗಿನ ಬಿಗಿಯನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿ, ಆಯಿತು ಎಂದು ಕೈ ಒರೆಸಿಕೊಂಡಿದ್ದ.

ಅಕ್ಕ ಹ್ಯಾಂಡಲ್ ಹಿಡಿದಳು, ಅವನು ಹಿಂದೆ ಕೂತ. ಬೀದಿ ಕೊನೆಯ ಹಂಪ್ ಬಂತು. ಗಾಡಿ ಹತ್ತಿ ಇಳಿಯಿತು, ಹಿಂದಿನ ಸೀಟು ಮಾತ್ರ ಇಳಿಯಲಿಲ್ಲ. ಅವನನ್ನು ಒದ್ದು ಮೇಲಕ್ಕೆಸೆದು, ಕೆಳಗೆ ಬರುವಷ್ಟರಲ್ಲಿ ಮತ್ತೊಮ್ಮೆ ಒದೆಯಿತು. ಸೊಂಟದಿಂದ ಹಲ್ಲಿನವರೆಗೆ ಝುಮ್ ಎಂದಿತು. ಇದರ ಮೇಲೆ ಆ ಹಣ್ಣಾದ ಜೀವವನ್ನು ವಾರಕ್ಕೆ ಮೂರು ಸಲ ಕೂರಿಸಿಕೊಂಡು ಹೋಗಿದ್ದೆನಲ್ಲ ಎಂದು ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಆದರೆ ಅದರ ಜೊತೆಗೇ ಒಳಗೊಳಗೆ ಜೀವ ಬಂದಂತೆಯೂ ಆಯಿತು. ಅಮ್ಮನ ಹಟಕ್ಕೆ ಕಾರಣ ಸಿಕ್ಕಿತ್ತು, ಕಾರಣಕ್ಕೆ ಬೋಲ್ಟಿತ್ತು, ಬೋಲ್ಟಿಗೆ ಸ್ಪ್ಯಾನರ್ ಇತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿ ಹಿಂದಿನ ಸೀಟನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಹಿಂದಿನ ಚಕ್ರದ ಎರಡು ಪಕ್ಕದ ಶಾಕ್ ಅಬ್ಸಾರ್ಬರ್ ಸರಿಯಿದ್ದರೆ ಒಮ್ಮೆ ಎದ್ದು ಸುಮ್ಮನಾಗಬೇಕು. ಇದು ಎದ್ದು, ಕುಸಿದು, ಮತ್ತೆ ಎದ್ದು ತೂಗಾಡಿತು. ಬಗ್ಗಿ ಬಲಗಡೆಯ ಶಾಕಿನ ಕಂಬಿಯ ಮೇಲೆ ಬೆರಳಾಡಿಸಿದ. ಎಣ್ಣೆ ಸೋರಿ ಧೂಳು ಮೆತ್ತಿ ಕಪ್ಪು ಅಂಟಾಗಿತ್ತು. ಒಳಗಿನ ಸೀಲ್ ಹೋಗಿ, ಕುಲುಕಾಟ ತಡೆಯುವ ಎಣ್ಣೆಯೆಲ್ಲ ಹರಿದುಹೋಗಿತ್ತು. ಉಳಿದದ್ದು ಬರೀ ಸ್ಪ್ರಿಂಗು. ಅದನ್ನೂ ಅವನೇ ಬಿಗಿ ಮಾಡಿಟ್ಟಿದ್ದ.

ಒಂದೇ ಬದಲಿಸಿದರೆ ಗಾಡಿ ವಾಲಾಡುತ್ತದೆ, ಎರಡನ್ನೂ ಹಾಕಬೇಕು. ಗಿರಾಕಿಯೊಬ್ಬರಿಗೆಂದು ತರಿಸಿಟ್ಟಿದ್ದ ಹೊಸ ಜೋಡಿ ಶೆಲ್ಫಿನ ಮೇಲಿತ್ತು. ಅವರು ಸಂಜೆ ಬಂದು ಬೈದರೆ ಬೈಯಲಿ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದಡಿ ಮರದ ತುಂಡು ಕೊಟ್ಟು ಎಡಗಡೆಯದನ್ನು ಮೊದಲು ಬಿಚ್ಚಿದ. ಅದು ಮಾತು ಕೇಳಿತು. ಬಲಗಡೆಯ ಕೆಳಗಿನ ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ತಟ್ಟಿದ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿದ. ಸ್ಪ್ಯಾನರ್ ಜಾರಿ ಗೆಣ್ಣಿನ ಚರ್ಮ ಕಿತ್ತುಹೋಗಿ ರಕ್ತ ಬಂತು. ಒಳಗಿನಿಂದ ಅಮ್ಮನ ಕೆಮ್ಮು ಕೇಳಿಸಿತು, ನೊರೆ ಸೇರಿದ ಕೆಮ್ಮು.

"ಬಾರೋ, ಬಾರೋ ನಿನ್ನ," ಎಂದು ಬೋಲ್ಟಿಗೆ ಬೈಯುತ್ತ ಅತ್ತೇಬಿಟ್ಟ. ಅಕ್ಕ ಪೈಪಿನ ತುದಿಗೆ ತಾನೂ ಕೈ ಹಾಕಿದಳು. ಕಿರ್ರೆಂದು ಬೋಲ್ಟು ತಿರುಗಿತು.

ಹೊಸದನ್ನು ಕೂರಿಸಿ, ವಾಷರು ಹಾಕಿ, ನಟ್ಟು ಬಿಗಿದ. ಎರಡೂ ಸ್ಪ್ರಿಂಗುಗಳನ್ನು ಮೆತ್ತನೆಯ ಮೆಟ್ಟಿಲಿಗೆ ಸಮನಾಗಿ ಇಟ್ಟ. ಸೀಟು ಒತ್ತಿ ಬಿಟ್ಟರೆ ಒಮ್ಮೆ ಎದ್ದು ತೆಪ್ಪಗಾಯಿತು. ರಕ್ತ ಮೆತ್ತಿದ ಕೈಯಲ್ಲೇ ಒಳಗೆ ಓಡಿದ.

"ಗಾಡಿ ಸರಿಹೋಯ್ತಮ್ಮ! ಒಂದೇ ಒಂದು ಸುತ್ತು ಬಾ. ಎತ್ತಿ ಹಾಕಿದ್ರೆ ವಾಪಸ್ ಬಂದುಬಿಡೋಣ, ನಿನ್ನಾಣೆ."

ಅಮ್ಮ ಅವನ ಮುಖವನ್ನೇ ನೋಡಿದಳು. "ಇಷ್ಟು ಬೇಗನಾ?" ಎಂದಳು. ದಿಂಬು ಬಿಟ್ಟು ಮೆಲ್ಲಗೆ ಎದ್ದಳು.

ಅಕ್ಕ ಪ್ರತಿ ಸಲದಂತೆ ಉದ್ದನೆಯ ಬಟ್ಟೆಯೊಂದರಿಂದ ಅಮ್ಮನ ಸೊಂಟವನ್ನು ಮಗನ ಸೊಂಟಕ್ಕೆ ಸೇರಿಸಿ ಕಟ್ಟಿದಳು. ಗಾಡಿ ಹೊರಟಿತು. ಹಂಪ್ ಬಂತು, ಹೋಯಿತು. ಹಳ್ಳ ಬಂತು, ಹೋಯಿತು. ಅವನಿಗೆ ಕೂಗಿ ಹೇಳಬೇಕೆನ್ನುವಷ್ಟು ಖುಷಿ. ನುಣುಪಾದ ದೊಡ್ಡ ರಸ್ತೆಗೆ ಬಂದ ಮೇಲೆ ಬೆನ್ನಿಗೆ ಏನೋ ನಡುಕ ತಾಗಿತು. ಎಂಜಿನ್ನಿನದೇ ಎಂದು ಕಿವಿಗೊಟ್ಟ, ಅಲ್ಲ. ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ. ನಡುಕ ನಿಲ್ಲಲಿಲ್ಲ. ಅಮ್ಮ ಗಡಗಡ ನಡುಗುತ್ತಿದ್ದಳು. ಗಾಡಿಯ ಹಳೇ ಕುಲುಕಾಟ ಇದ್ದಿದ್ದರೆ ಅದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಕೂತಲ್ಲಿಂದಲೇ ಗಾಡಿಯನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ನಿಲ್ಲಿಸಿದ. "ಅಮ್ಮ, ಏನಾಗಿದೆ ನಿಂಗೆ?"

"ನಿನ್ನ ಗಾಡಿ ನೀನು ಈ ಜನ್ಮದಲ್ಲಿ ರಿಪೇರಿ ಮಾಡ್ಕೊಳ್ಳಲ್ಲ ಅಂದ್ಕೊಂಡು ಬರದೇ ಇರೋ ನೆಪಾನ ಅದರ ಮೇಲೆ ಹಾಕಿದ್ದೆ ಕಣೋ." ಸ್ವಲ್ಪ ಹೊತ್ತು ಉಸಿರಿಗಾಗಿ ತಡೆದಳು. "ಆಸ್ಪತ್ರೇಲಿ ನನ್ನ ಪಕ್ಕದ ಬೆಡ್ಡಲ್ಲಿ ಟೈಲರಮ್ಮ ಇರ್ತಿದ್ಳಲ್ಲ. ಹೋದ ವಾರ ನಗ್ತಾ ಮಾತಾಡ್ತಿದ್ಳು, ಮಾತು ಅರ್ಧಕ್ಕೇ ನಿಂತುಹೋಯ್ತು. ಓಡಿ ಬಂದ್ರು, ಎದೆ ಒತ್ತಿದ್ರು, ಆಮೇಲೆ ಪರದೆ ಎಳೆದ್ರು. ನಾನು ಎದ್ದು ಹೋಗೋ ಹಾಗಿರ್ಲಿಲ್ಲ, ನನ್ನ ರಕ್ತ ಮೆಷಿನ್ನಲ್ಲಿತ್ತು. ಮುಗಿಯೋ ತನಕ ಆ ಪರದೆ ನೋಡ್ಕೊಂಡು ಅಲ್ಲೇ ಮಲಗಿದ್ದೆ."

ಆ ದಿನ ಅವನು ಅವಳನ್ನು ಬಾಗಿಲಲ್ಲಿ ಇಳಿಸಿ ಯಾರದೋ ಚೈನು ಬದಲಿಸಲು ಗ್ಯಾರೇಜಿಗೆ ಓಡಿದ್ದ. ಸಂಜೆ ಕರೆತರುವಾಗ ಅವಳು ಸುಮ್ಮನಿದ್ದಳು. ಅವನು ದಾರಿಯುದ್ದಕ್ಕೂ ಒಂದು ಕ್ಲಚ್ಚಿನ ಕಥೆ ಹೇಳಿದ್ದ.

"ಇವತ್ತು ನಾನು ನಿನ್ನ ಪಕ್ಕ ಕೂತಿರ್ತೀನಿ."

"ಒಳಗೆ ಬಿಡಲ್ಲ ಯಾರನ್ನೂ."

"ಬಾಗಿಲಲ್ಲಿ ನಿಲ್ತೀನಿ. ಗಾಜಿನಿಂದ ಕಾಣಿಸ್ತೀನಿ."

"ಮುಗಿಯೋ ತನಕ?"

"ಮುಗಿಯೋ ತನಕ."

ಸಿಗ್ನಲ್ಲು ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಯಿತು.

"ಪರದೆ ಎಳೆಯೋಕೆ ಬಂದ್ರೆ ಎಳೀಬೇಡಿ ಅನ್ನು," ಎಂದಳು. "ನೀನು ಕಾಣಿಸ್ತಾ ಇರ್ಬೇಕು."

ಅವನು ಹಿಂದಕ್ಕೆ ಕೈ ಚಾಚಿ ಅವಳ ಊದಿದ ಕಾಲನ್ನು ಮುಟ್ಟಿದ.

"ನಡಿ," ಎಂದಳು ಅಮ್ಮ.

ಗಾಡಿಯನ್ನು ಆಸ್ಪತ್ರೆಯ ಕಡೆ ತಿರುಗಿಸಿದ. ದಾರಿಯುದ್ದಕ್ಕೂ ಅದು ಒಮ್ಮೆಯೂ ಕುಲುಕಲಿಲ್ಲ. ಅಮ್ಮ ಅವನ ಬೆನ್ನಿಗೆ ಅಂಟಿಕೊಂಡು ನಡುಗುತ್ತಲೇ ಇದ್ದಳು.